ಹುಡುಗರ ಫುಟ್‌ಬಾಲ್ ಟೂರ್ನಿ: ರೆಡ್ ಕಾರ್ಡ್, ಪ್ರೊಟೆಸ್ಟ್ ಗಲಾಟೆ ಹೇಗೆ ನಿಭಾಯಿಸಿದಿರಿ?

ಕೋಲಾರದಿಂದ ಕೇಳುತ್ತಿರುವವರು: ಮುಂದಿನ ತಿಂಗಳು 14 ವರ್ಷದೊಳಗಿನ ಹುಡುಗರ ಟೂರ್ನಿ ಇಟ್ಟಿದ್ದೇವೆ. ಎಂಟು ತಂಡ. ಹೋದ ವರ್ಷ ಸೆಮಿಫೈನಲ್‌ನಲ್ಲಿ ಪೋಷಕರು ಮೈದಾನಕ್ಕೆ ನುಗ್ಗಿದ್ದರು. ಈ ಸಲ ನಿಯಮ ಬರೆದಿಡುತ್ತೇವೆ. ಪ್ರೊಟೆಸ್ಟ್ ಫೀ, ಅಂದರೆ ತಕರಾರು ಕೊಡುವ ತಂಡ ಕಟ್ಟುವ ದುಡ್ಡು, ಎಷ್ಟಿರಲಿ? ತಕರಾರು ಕೇಳುವ ಸಮಿತಿಯಲ್ಲಿ ಯಾರಿರಬೇಕು? ಅನುಭವ ಇದ್ದವರು ಹೇಳಿ.

ಕೆಜಿಎಫ್ ಕೋಚ್: ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ. ಎರಡು ವರ್ಷದ ಹಿಂದೆ ರಾಬರ್ಟ್‌ಸನ್‌ಪೇಟೆಯಿಂದ 16 ಹುಡುಗರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದೆ. ಟೆಂಪೋಗೆ ₹4,200, ಎಂಟ್ರಿಗೆ ₹1,500, ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಊಟ ಸೇರಿ ₹1,900. ಎದುರು ತಂಡದ ಹುಡುಗನಿಗೆ ಬೆಳಗಿನ ಪಂದ್ಯದಲ್ಲಿ ರೆಡ್ ಕಾರ್ಡ್ ಆಗಿತ್ತು, ರೆಫರಿ ಆಟದಿಂದಲೇ ಹೊರಗೆ ಕಳಿಸಿದ್ದರು. ಮಧ್ಯಾಹ್ನ ಅದೇ ಹುಡುಗ ನಮ್ಮ ಮೇಲೆ ಇಳಿದು ಎರಡು ಗೋಲು ಹೊಡೆದ. ಪ್ರೊಟೆಸ್ಟ್‌ಗೆ ₹2,000 ಕಟ್ಟಿ ಅಂದರು. ಟೆಂಪೋಗೆ ಇಟ್ಟಿದ್ದ ದುಡ್ಡನ್ನೇ ಕಟ್ಟಿದೆ. ಆಮೇಲೆ, ರೆಡ್ ಕಾರ್ಡ್ ಆದವರು ಮುಂದಿನ ಪಂದ್ಯ ಆಡಬಾರದು ಅಂತ ನಮ್ಮ ನಿಯಮದ ಹಾಳೆಯಲ್ಲಿ ಇಲ್ಲ ಅಂದುಬಿಟ್ಟರು! ರಸೀದಿನೂ ಇಲ್ಲ. ಟೆಂಪೋದವರ ಬಾಕಿ ತೀರಿಸಲು ಹದಿನೈದು ದಿನ ಹಿಡಿಯಿತು.

ತುಮಕೂರು ಆಯೋಜಕ: ನಮ್ಮಲ್ಲಿ ಮೂರು ವರ್ಷದಿಂದ ಒಂದು ಗಲಾಟೆನೂ ಆಗಿಲ್ಲ. ರೆಫರಿಗಳನ್ನು ಬೆಂಗಳೂರಿಂದಲೇ ಕರೆಸುತ್ತೇವೆ. ತಲಾ ₹1,200, ಬಸ್ ಚಾರ್ಜ್ ಬೇರೆ. ಜಾಸ್ತಿ ಅನ್ನಬಹುದು, ಆದರೆ ಊರಿನವರು ಸೀಟಿ ಹಿಡಿದರೆ ಪಂದ್ಯ ಮುಗಿದ ಮೇಲೂ ಜಗಳ ಮುಗಿಯುವುದಿಲ್ಲ. ಎದುರು ಮಾತಾಡಿದ ಹುಡುಗನನ್ನು 5 ನಿಮಿಷ ಹೊರಗೆ ಕೂರಿಸುತ್ತೇವೆ. ಮಕ್ಕಳ ಪಂದ್ಯದಲ್ಲಿ ಇದಕ್ಕೆ ಅವಕಾಶ ಇದೆ, ಒಟ್ಟು ಆಟದ ಶೇ 10ರಿಂದ 15ರಷ್ಟು ಹೊತ್ತು. ನಮ್ಮದು 50 ನಿಮಿಷದ ಆಟ. ಕೋಚ್ ಕೂಗಾಡಿದರೆ ಅವರಿಗೂ ಕಾರ್ಡ್. 2019ರಿಂದ ನಿಯಮವೇ ಹಾಗಿದೆ, ಎಷ್ಟೋ ಕೋಚ್‌ಗಳು ಒಪ್ಪುವುದಿಲ್ಲ ಅಷ್ಟೇ. ಕೆಜಿಎಫ್ ಸರ್, ಹಾಳೆ ಓದದೆ ಎಂಟ್ರಿ ಕಟ್ಟಿದ್ದು ನಿಮ್ಮ ತಪ್ಪಲ್ವಾ?

ಕೆಜಿಎಫ್ ಕೋಚ್: ಯಾವ ಹಾಳೆ ಸರ್? ಹಾಳೆ ಕೊಟ್ಟಿದ್ದೇ ಪ್ರೊಟೆಸ್ಟ್ ಆದ ಮೇಲೆ. ನಮ್ಮೂರಲ್ಲಿ ಗಣಿ ಕಾಲದಿಂದ ಫುಟ್‌ಬಾಲ್ ಆಡುತ್ತಿದ್ದಾರೆ. ರೆಡ್ ಆದರೆ ಮುಂದಿನ ಪಂದ್ಯ ಇಲ್ಲ ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಪಾಠ ಹೇಳಬೇಡಿ.

ಚಿಕ್ಕಬಳ್ಳಾಪುರದ ತಾಯಿ: ನೀವಿಬ್ಬರೂ ಕಾರ್ಡ್ ವಿಷಯದಲ್ಲೇ ಇದ್ದೀರಿ. ವಯಸ್ಸಿನ ತಕರಾರು ಬಂದರೆ ಏನು ಮಾಡುತ್ತೀರಿ? ನನ್ನ ಮಗ ಎತ್ತರ, ಅದೇ ಅವನ ತಪ್ಪು. ಎದುರು ಕೋಚ್ ಎಲ್ಲರ ಮುಂದೆ 'ಇವನಿಗೆ ಹದಿನಾರು' ಅಂದರು. ಜನನ ಪತ್ರ, ಆಧಾರ್, ಶಾಲೆಯ ಪತ್ರ ಮೂರೂ ತೋರಿಸಿದೆ. ಸಾಲದು, ಮೂಳೆ ನೋಡಿ ವಯಸ್ಸು ಅಂದಾಜು ಮಾಡಲು ಮಣಿಕಟ್ಟಿನ ಎಕ್ಸ್‌ರೇ ತನ್ನಿ ಅಂದರು. ₹450 ಕೊಟ್ಟು ತೆಗೆಸಿದೆವು. ನೋಡಿ ಹೇಳುವವರೇ ಅಲ್ಲಿ ಇರಲಿಲ್ಲ. ಮಗ ಆಮೇಲೆ ಎರಡು ತಿಂಗಳು ಶೂ ಮುಟ್ಟಲಿಲ್ಲ.

ಕೆಜಿಎಫ್ ಕೋಚ್: ಮೇಡಂ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ವಯಸ್ಸು ಕದ್ದು ಆಡಿಸುವವರು ಇದ್ದಾರೆ. ಫಿಫಾ ಕೂಡ 2009ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ಗೆ ಮಣಿಕಟ್ಟಿನ ಎಂಆರ್‌ಐ ತಂದಿತು.

ಚಿಕ್ಕಬಳ್ಳಾಪುರದ ತಾಯಿ: ಅದು ವಿಶ್ವಕಪ್. ಇದು ಭಾನುವಾರದ ಟೂರ್ನಿ. ಅನುಮಾನ ಇದ್ದರೆ ಹಿಂದಿನ ದಿನವೇ ದಾಖಲೆ ನೋಡಲಿ. ಆಟದ ಮಧ್ಯೆ ಮಗುವನ್ನು ನಿಲ್ಲಿಸಿ ಕೇಳುವುದು ಯಾವ ನ್ಯಾಯ? ನೀವೂ ಹಾಗೆ ಮಾಡಿದ್ದೀರಾ, ಹೇಳಿ.

ಕೆಜಿಎಫ್ ಕೋಚ್: ಒಂದು ಸಲ ಮಾಡಿದ್ದೇನೆ. ಆ ಹುಡುಗನ ವಯಸ್ಸು ಸರಿ ಇತ್ತು. ಅವನ ಅಪ್ಪನ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ತುಮಕೂರು ಆಯೋಜಕ: ಅದಕ್ಕೇ ಹೇಳಿದ್ದು, ನಮ್ಮಲ್ಲಿ ಹಿಂದಿನ ಸಂಜೆಯೇ...

ಕೋಲಾರದಿಂದ ಕೇಳುತ್ತಿರುವವರು: ದಯವಿಟ್ಟು ಸಮಿತಿ ಬಗ್ಗೆ ಹೇಳಿ. ರೆಫರಿ ತೀರ್ಪನ್ನು ಸಮಿತಿ ಬದಲಿಸಬಹುದಾ?

ತುಮಕೂರು ಆಯೋಜಕ: ಗೋಲು, ಫೌಲ್ ವಿಷಯದಲ್ಲಿ ರೆಫರಿ ಹೇಳಿದ್ದೇ ಕೊನೆ. ಆಟ ಮತ್ತೆ ಶುರುವಾದರೆ ಅವರೂ ಬದಲಿಸುವ ಹಾಗಿಲ್ಲ. ಸಮಿತಿ ನೋಡಬೇಕಾದ್ದು ವಯಸ್ಸು, ಆಡಬಾರದವರು ಆಡಿದ್ದು, ಹೊಡೆದಾಟ. ಫೀ ₹500 ಸಾಕು. ತಕರಾರು ನಿಜವಾದರೆ ವಾಪಸ್ ಕೊಡಿ.

ಕೆಜಿಎಫ್ ಕೋಚ್: ಮೂರು ಜನ ಇರಲಿ. ಮೂವರಲ್ಲಿ ಒಬ್ಬರ ಮಗನೂ ಆ ಟೂರ್ನಿಯಲ್ಲಿ ಆಡುತ್ತಿರಬಾರದು. ನನ್ನ ಪ್ರೊಟೆಸ್ಟ್ ಓದಿದವರ ಮಗ ಎದುರು ತಂಡದ ಗೋಲ್‌ಕೀಪರ್ ಆಗಿದ್ದ. ರಸೀದಿ ಪುಸ್ತಕ ಈಗಲೇ ತಂದಿಡಿ.