ನಡುವೆ ಉಬ್ಬಿನಿಂತ ಕೌದಿ: ಪೂರ್ತಿ ಬಿಚ್ಚಬೇಕೆ, ಹೀಗೆಯೇ ಸರಿಪಡಿಸಬಹುದೆ?

ಸೂಜಿಮಲ್ಲಿಗೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅವರು ಉಟ್ಟು ಹಳತಾದ ಸೀರೆಗಳನ್ನೆಲ್ಲ ಕೂಡಿಸಿ ಮಗಳಿಗಾಗಿ ಒಂದು ಕೌದಿ ಹೊಲಿಯಬೇಕೆಂದು ಹೋದ ದೀಪಾವಳಿಯಲ್ಲಿ ಕುಳಿತವಳು, ಏಳು ತಿಂಗಳ ಮೇಲೆ ಕಳೆದ ವಾರ ಕೊನೆಯ ಹೊಲಿಗೆ ಹಾಕಿದೆ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೆಳಗೆ ಅಪ್ಪನ ಬಿಳಿ ಪಂಚೆ, ನಡುವೆ ಒಂದು ಹಳೆಯ ವಾಯಿಲ್ ಸೀರೆ, ಮೇಲೆ ಇಳಕಲ್ ಸೀರೆಗಳ ಮೈಯಿಂದ ಕತ್ತರಿಸಿದ ತೇಪೆಗಳು, ಇವೆಲ್ಲ ಹತ್ತಿಯವೇ.

ಉತ್ತರ ಕನ್ನಡದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿದ ಕೌದಿಗಳನ್ನು ಒಮ್ಮೆ ಪ್ರದರ್ಶನವೊಂದರಲ್ಲಿ ನೋಡಿದ್ದೆ. ಅಂಚಿನಿಂದ ಹೊರಟು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುವ ಆ ಹೊಲಿಗೆ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಹಾಗಾಗಿ ತೇಪೆಗಳನ್ನು ಮೊದಲು ಮಷೀನಿನಲ್ಲಿ ಜೋಡಿಸಿಕೊಂಡು, ಮೂರು ಪದರಗಳನ್ನೂ ಹಾಸಿ, ಕೈಯಿಂದ ಸುತ್ತುಹೊಲಿಗೆ ಹಾಕುತ್ತ ಒಳಗೆ ಬಂದೆ. ಈಗ ಕೌದಿಯ ನಟ್ಟನಡುವೆ ಪೂರಿ ಉಬ್ಬಿದಂತೆ ಬಟ್ಟೆ ಎದ್ದು ನಿಂತಿದೆ. ಅಂಗೈಯಿಂದ ಒತ್ತಿದರೆ ಒಂದು ಕಡೆ ಇಳಿದು ಇನ್ನೊಂದು ಕಡೆ ಏಳುತ್ತದೆ. ಇದರ ಜೊತೆಗೆ, ನಡುವಿನಲ್ಲಿ ಅವ್ವನ ಮದುವೆಯ ಸೀರೆಯ ಕೆಂಪು ರೇಷ್ಮೆ ಸೆರಗಿನ ತುಂಡೊಂದನ್ನು ಇಟ್ಟಿದ್ದೆ. ನೀರು ಚಿಮುಕಿಸಿ ಇಸ್ತ್ರಿ ಮಾಡಿದಾಗ ಅದರ ಬಣ್ಣ ಕೆಳಗಿನ ಪಂಚೆಗೆ ಇಳಿದು ಅಂಗೈಯಗಲ ಕಲೆಯಾಗಿದೆ.

ಮಡಿಸಿ ಟ್ರಂಕಿನಲ್ಲಿಟ್ಟಿದ್ದೇನೆ, ತೆರೆದು ನೋಡಲು ಮನಸ್ಸಾಗುತ್ತಿಲ್ಲ. ಪೂರ್ತಿ ಬಿಚ್ಚಿ ಮೊದಲಿನಿಂದ ಹೊಲಿಯುವುದೇ ದಾರಿಯೆ? ಬಲ್ಲವರು ದಯವಿಟ್ಟು ತಿಳಿಸಿ.

ದಬ್ಬಣ, ಬಾಗಲಕೋಟೆ

ತಂಗಿ, ಮೊದಲು ಒಂದು ಮಾತು. ಪೂರ್ತಿ ಬಿಚ್ಚುವ ಯೋಚನೆಯನ್ನು ಬಿಟ್ಟುಬಿಡಿ. ವರ್ಷಗಟ್ಟಲೆ ಒಗೆದು ಉಟ್ಟ ಹತ್ತಿಯ ಸೀರೆಯಲ್ಲಿ ಎಳೆಗಳು ಆಗಲೇ ಸವೆದಿರುತ್ತವೆ. ಏಳು ತಿಂಗಳ ಹೊಲಿಗೆಯನ್ನು ಕಿತ್ತು ಅದೇ ಬಟ್ಟೆಗೆ ಎರಡನೆಯ ಸಲ ಸೂಜಿ ಹಾಕಿದರೆ, ಒಂದೆರಡು ಒಗೆತಕ್ಕೇ ಅದು ರಂಧ್ರದ ಸಾಲುಗುಂಟ ಹರಿಯಲು ಶುರುವಾಗುತ್ತದೆ. ನಿಮ್ಮ ಕೌದಿ ಕೆಟ್ಟಿರುವುದು ನಡುವಿನ ಒಂದೂವರೆ ಅಡಿಯಲ್ಲಿ ಮಾತ್ರ.

ಉಬ್ಬು ಏಕೆ ಬಂತೆಂಬುದನ್ನು ತಿಳಿದುಕೊಂಡರೆ ಕೈ ತಾನಾಗಿ ಸರಿದಾರಿಗೆ ಬರುತ್ತದೆ. ಸಿದ್ದಿ ಹೆಣ್ಣುಮಕ್ಕಳು ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಸೂಜಿ ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಒಂದು ತೇಪೆ ಇಟ್ಟು, ಅದರ ಅಂಚನ್ನು ಒಳಕ್ಕೆ ಮಡಚಿ ಹೊಲಿದು ಮುಂದೆ ಸಾಗುತ್ತಾರೆ. ಹೊಲಿಗೆ ಬಟ್ಟೆಯನ್ನು ಚೂರುಚೂರೇ ಒಳಗೆ ತಳ್ಳಿಕೊಂಡು ಬರುತ್ತದೆಯಲ್ಲ, ಆ ಹೆಚ್ಚಳವೆಲ್ಲ ಒಂದೊಂದು ತೇಪೆಯ ಮಡಿಕೆಯಲ್ಲೇ ಮುಗಿದುಹೋಗುತ್ತದೆ. ನೀವು ಮೇಲ್ಪದರವನ್ನು ಮೊದಲೇ ಒಂದೇ ಹಾಳೆಯಾಗಿ ಕೂಡಿಸಿದ್ದರಿಂದ ಹೆಚ್ಚಾದ ಬಟ್ಟೆಗೆ ಹೋಗಲು ಎಲ್ಲಿಯೂ ಜಾಗ ಸಿಗದೆ, ಸುತ್ತುಸುತ್ತಿಗೂ ಒಳಕ್ಕೆ ಸರಿದು ಕಡೆಗೆ ನಡುವೆ ಎದ್ದು ನಿಂತಿದೆ. ಜೋಡಿಸಿದ ಮೇಲ್ಪದರಕ್ಕೆ ನಡುವಿನಿಂದ ಅಂಚಿನ ಕಡೆಗೆ ಸಾಗುವ ನೇರ ಸಾಲುಗಳೇ ಒಪ್ಪುತ್ತವೆ, ಹೆಚ್ಚಳ ಹೊರಗೆ ಹೋಗಿ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ.

ಈಗ ಹೀಗೆ ಮಾಡಿ. ಬಿಚ್ಚಬೇಕಾದ ಚೌಕದ ಸುತ್ತ ಮೊದಲು ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ, ಇಲ್ಲದಿದ್ದರೆ ಉಳಿದ ಹೊಲಿಗೆಯೂ ಸಡಿಲವಾಗುತ್ತದೆ. ಆಮೇಲೆ ಕೌದಿಯನ್ನು ತಿರುವಿ ಹಾಕಿ, ಹಿಂಬದಿಯಿಂದ ಮೂರು ನಾಲ್ಕು ಹೊಲಿಗೆಗೊಮ್ಮೆ ದಾರ ಕತ್ತರಿಸಿ, ಮುಂಬದಿಯಿಂದ ಒಂದೊಂದೇ ತುಂಡನ್ನು ಎತ್ತಿ ತೆಗೆಯಿರಿ. ಉದ್ದ ದಾರವನ್ನು ಸರ್ರನೆ ಎಳೆಯಬಾರದು, ಹಳೆಯ ಬಟ್ಟೆ ಸೀಳಿಬಿಡುತ್ತದೆ. ಬಿಚ್ಚಿದ ಮೇಲೆ ನೆಲಕ್ಕೆ ಹಾಸಿ, ನಾಲ್ಕೂ ಮೂಲೆಗೆ ಭಾರ ಇಟ್ಟು, ಒಂದು ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ನೋಡಿದರೆ ಹೆಚ್ಚಳ ಯಾವ ಪದರದಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮೇಲ್ಪದರದಲ್ಲಿದ್ದರೆ ಮಷೀನಿನ ಜೋಡಣೆಯನ್ನೇ ಅಲ್ಲಿ ಬಿಚ್ಚಿ, ಒಂದರ ಮೇಲೊಂದು ಸರಿಸಿ ಸಪಾಟು ಮಾಡಿ, ಮೇಲೆ ಒಂದು ದೊಡ್ಡ ತೇಪೆ ಹಚ್ಚಿರಿ. ಹೊಲಿಯುವಾಗ ಮಾತ್ರ ಸುತ್ತುಹೊಲಿಗೆ ಬೇಡ, ನಡುವಿನಿಂದ ಹೊರಗೆ ಬನ್ನಿ.

ಬಣ್ಣದಂಗಳ, ಮೈಸೂರು

ಅಕ್ಕನವರೇ, ನಾನು ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದೇನೆ. ಮೇಲಿನ ಹಿರಿಯರು ಹೇಳಿದ ಕ್ರಮಕ್ಕೆ ಒಂದು ಹೆಜ್ಜೆ ಸೇರಿಸಬೇಕು: ಚೌಕವನ್ನು ಬಿಚ್ಚಿದ ಮೇಲೆ ಮುಚ್ಚುವ ಮೊದಲೇ ಕಲೆಯನ್ನು ತೊಳೆಯಿರಿ. ಮೊದಲು ಮುಚ್ಚಿ ಆಮೇಲೆ ತೊಳೆದರೆ, ಹೊಸ ತೇಪೆ ಒಂದು ರೀತಿ ಕುಗ್ಗಿ ಹಳೆಯದು ಇನ್ನೊಂದು ರೀತಿ ನಿಂತು, ಸುಕ್ಕು ಮತ್ತೆ ಬರುತ್ತದೆ. ತೊಳೆಯುವಾಗ ಎಳೆ ಬಿಚ್ಚದಂತೆ ತೆರೆದ ಅಂಚುಗಳಿಗೂ ಕಚ್ಚಾ ಹೊಲಿಗೆ ಇರಲಿ.

ಕೆಂಪು ರೇಷ್ಮೆಯ ತುಂಡನ್ನು ತೊಳೆಯುವುದಕ್ಕೆ ಮುಂಚೆ ತೆಗೆದುಬಿಡಿ. ಕಲೆಯ ಮೂಲವೇ ಜೊತೆಗಿದ್ದರೆ ತೊಳೆದಷ್ಟೂ ಬಣ್ಣ ಹರಡುತ್ತದೆ. ಉಳಿದದ್ದೆಲ್ಲ ಹತ್ತಿ ಎಂದಿದ್ದೀರಿ. ಆದರೂ ಪ್ರತಿಯೊಂದು ಬಣ್ಣದ ತೇಪೆಯ ಮೇಲೆ ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒತ್ತಿ ಪರೀಕ್ಷಿಸಿಕೊಳ್ಳಿ. ಬಣ್ಣ ಅಂಟದಿದ್ದರೆ, ಕೈ ಇಡಲಾಗದಷ್ಟು ಬಿಸಿಯಾದ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ದೊಡ್ಡ ಟಬ್ಬಿನಲ್ಲಿ ಕೌದಿ ಪೂರ್ತಿ ಮುಳುಗುವಂತೆ ರಾತ್ರಿಯಿಡೀ ನೆನೆಹಾಕಿ. ನೀರು ಧಾರಾಳವಾಗಿರಬೇಕು, ಕಡಿಮೆಯಾದರೆ ಬಿಟ್ಟ ಬಣ್ಣ ಮತ್ತೆ ಬಟ್ಟೆಗೇ ಹತ್ತುತ್ತದೆ. ನೀರು ತಿಳಿಯಾಗುವವರೆಗೆ ಬದಲಾಯಿಸುತ್ತಿರಿ. ಕಲೆ ಕರಗುತ್ತಿರುವಾಗ ನಡುವೆ ಒಣಗಿಸಬೇಡಿ, ಇಸ್ತ್ರಿಯನ್ನಂತೂ ಮುಟ್ಟಿಸಲೇಬೇಡಿ.

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಯಾರಾದರೂ ಹೇಳಿಯಾರು. ಹಾಕಿದ ಮೇಲೆ ಬಿಡುತ್ತಿರುವ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಬ್ಲೀಚಿಂಗ್ ಪುಡಿಯೂ ಬೇಡ, ಅದು ಹಳೆಯ ಹತ್ತಿಯನ್ನು ದುರ್ಬಲಗೊಳಿಸುತ್ತದೆ, ರೇಷ್ಮೆಯನ್ನಂತೂ ತಿಂದೇಬಿಡುತ್ತದೆ. ಇಸ್ತ್ರಿಯ ಬಿಸಿ ತಗುಲಿರುವುದರಿಂದ ಕಲೆ ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡಲಾರೆ.

ಕಾಡಂಚು, ಯಲ್ಲಾಪುರ

ಒಂದೆರಡು ಮಾತು ಮಾತ್ರ. ಯಾವ ದಾರದಿಂದ ಹೊಲಿದಿದ್ದೀರೆಂದು ನೀವು ಬರೆದಿಲ್ಲ. ಪಾಲಿಯೆಸ್ಟರ್ ದಾರವಾದರೆ ನಡುವಿಗಾದರೂ ಹತ್ತಿಯ ದಾರ ಬಳಸಿ. ಬಟ್ಟೆಗಿಂತ ಗಟ್ಟಿಯಾದ ದಾರ, ಮೈಮುರಿದು ಹೊದೆಯುವ ಕೌದಿಯಲ್ಲಿ ವರ್ಷಗಳು ಹೋದಂತೆ ಬಟ್ಟೆಯನ್ನೇ ಕೊಯ್ಯುತ್ತದೆ. ಇನ್ನು, ಸಿದ್ದಿ ಕೌದಿಯ ಹೊಲಿಗೆ ನಿಮಗೆ ಅಷ್ಟು ಹಿಡಿಸಿದ್ದರೆ ಅದರ ಮೂಲೆಗಳನ್ನೂ ನೆನಪಿಸಿಕೊಳ್ಳಿ. ಚೌಕದ ತುಂಡನ್ನು ಮಡಿಸಿ ಮಡಿಸಿ ತ್ರಿಕೋನ ಮಾಡಿ ನಾಲ್ಕೂ ಮೂಲೆಗೆ ಹೊಲಿಯುವ ಅದನ್ನು ನಮ್ಮ ಕಡೆ ಫುಲ ಎನ್ನುತ್ತಾರೆ, ಅಂದರೆ ಹೂವು. ಫುಲ ಇಲ್ಲದ ಕೌದಿ ಪೂರ್ತಿಯಾಯಿತೆಂದು ಆ ಹೆಣ್ಣುಮಕ್ಕಳು ಒಪ್ಪುವುದಿಲ್ಲ.

ಸೂಜಿಮಲ್ಲಿಗೆ, ಧಾರವಾಡ

ಮೂವರಿಗೂ ಮನಸಾರೆ ವಂದನೆಗಳು. ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಚೌಕ ಬಿಚ್ಚಲು ನಾಲ್ಕು ಸಂಜೆ ಹಿಡಿಯಿತು. ನೆಲಕ್ಕೆ ಹಾಸಿ ಬೆಳಿಗ್ಗೆ ನೋಡಿದಾಗ ಪಂಚೆಯಲ್ಲಿ ಹೆಚ್ಚಳವೇ ಇರಲಿಲ್ಲ. ಮೇಲ್ಪದರ ಮಾತ್ರ ಎರಡು ಬೆರಳಿನಷ್ಟು ಹೆಚ್ಚಾಗಿತ್ತು. ಇಷ್ಟಕ್ಕೇ ನಾನು ಎಲ್ಲವನ್ನೂ ಕಿತ್ತುಹಾಕುವವಳಿದ್ದೆನಲ್ಲ ಎಂದು ಎದೆ ಝಲ್ಲೆಂದಿತು. ಕಲೆ ಮೂರನೆಯ ನೀರಿಗೆ ತಿಳಿಗುಲಾಬಿಗೆ ಇಳಿದು ಅಲ್ಲಿಯೇ ನಿಂತಿತು, ಪಂಚೆ ಹಿಂಬದಿಯಲ್ಲಿರುವುದರಿಂದ ಹಾಗೆಯೇ ಬಿಟ್ಟಿದ್ದೇನೆ. ಸೆರಗಿನ ತುಂಡನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟೆ. ಅದರ ಜಾಗಕ್ಕೆ ಅವ್ವ ದಿನವೂ ಉಡುತ್ತಿದ್ದ ಹಸಿರು ಚೌಕಡಿ ಸೀರೆಯ ತುಂಡು ಬಂದಿದೆ, ಅದರ ಒಂದು ಮೂಲೆಯಲ್ಲಿ ಅವರೇ ಹಾಕಿದ ಸಣ್ಣ ರಫು ಕಾಣುತ್ತದೆ. ದಾರ ಪಾಲಿಯೆಸ್ಟರೇ ಆಗಿತ್ತು, ನಡುವಿಗೆ ಹತ್ತಿಯದನ್ನು ತಂದೆ. ಮೂರು ಮೂಲೆಗಳ ಫುಲ ಮುಗಿದಿವೆ, ನಾಲ್ಕನೆಯದನ್ನು ಮಗಳು ತಾನು ಹೊಲಿಯುತ್ತೇನೆಂದು ಇಟ್ಟುಕೊಂಡಿದ್ದಾಳೆ.