ವೃದ್ಧಾಶ್ರಮದಲ್ಲಿರುವ ಅತ್ತೆಗೆ ಕಣ್ಣು, ಕಿವಿ ಎರಡೂ ಮಂದ. ನಿಮ್ಮ ಅನುಭವ ಹೇಳಿ

ತುಮಕೂರಿನ ಸೊಸೆ
ನಮ್ಮ ಅತ್ತೆಗೆ 83. ಬೆಂಗಳೂರಿನ ಒಂದು ಆಶ್ರಮದಲ್ಲಿದ್ದಾರೆ. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇದೆ, ಒಂದು ಕಣ್ಣಿಗೆ ಪೊರೆಯೂ ಬಂದಿದೆ. ಹತ್ತಿರ ಹೋಗಿ ಕೂಗಿದರೆ ಅರ್ಧಂಬರ್ಧ ಕೇಳಿಸುತ್ತದೆ. ಈಚೆಗೆ ಊಟದ ಹಾಲ್‌ಗೆ ಬರುತ್ತಿಲ್ಲ, ಯಾರ ಜೊತೆಯೂ ಮಾತಿಲ್ಲ. ಮರೆವಿನ ಕಾಯಿಲೆ ಶುರುವಾಗಿದೆ ಎನ್ನುತ್ತಾರೆ ಆಶ್ರಮದವರು. ನಮಗೆ ಹಾಗೆ ಅನಿಸುವುದಿಲ್ಲ. ಕಿವಿ ಮಿಷನ್ ಕೊಡಿಸುವುದಾ, ಕಣ್ಣಿನ ಆಪರೇಷನ್ ಮೊದಲಾ, ಬೇರೆ ಕಡೆ ಸೇರಿಸುವುದಾ?

ಮಂಡ್ಯದವನು
ಮೇಡಂ, ದುಡ್ಡು ಸುರಿಯುವ ಮೊದಲು ಇದನ್ನು ಓದಿ. ಆಶ್ರಮದಲ್ಲಿರುವ ಅಪ್ಪನಿಗೆ ಎರಡೂ ಕಿವಿಗೆ ಮಿಷನ್ ಕೊಡಿಸಿದೆ, 1,38,000 ರೂಪಾಯಿ. ಚಿಕ್ಕ ಮಾಡೆಲ್, 312 ನಂಬರ್ ಬ್ಯಾಟರಿ. ಅಪ್ಪನಿಗೆ ಮ್ಯಾಕ್ಯುಲಾ, ಅಂದರೆ ಕಣ್ಣಿನ ಹಿಂಪರದೆಯ ನಡುಭಾಗ, ಹಾಳಾಗಿ ನೋಟದ ನಡುಭಾಗವೇ ಕಾಣುವುದಿಲ್ಲ. ಆ ಬ್ಯಾಟರಿ ಬಾಗಿಲು ಅವರ ಬೆರಳಿಗೂ ಸಿಗಲಿಲ್ಲ. ಆಯಾಗಳು ಬಲಗಿವಿಯದನ್ನು ಎಡಕ್ಕೆ ಹಾಕುತ್ತಿದ್ದರು. ಅದು ಕುಯ್ ಅಂತ ಕೂಗುತ್ತಿತ್ತು, ಅಪ್ಪ ಕಿತ್ತು ಎಸೆಯುತ್ತಿದ್ದರು. ಈ ಬ್ಯಾಟರಿಯ ಸ್ಟಿಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಖರ್ಚಾಗಲು ಶುರುವಾಗುತ್ತದೆ, ಮಿಷನ್‌ಗೆ ಹಾಕದೆ ಇಟ್ಟರೂ ಅಷ್ಟೆ. ಕೆಲಸ ಸುಲಭವಾಗಲಿ ಅಂತ ಒಬ್ಬ ಸಿಸ್ಟರ್ ಇಡೀ ಶೀಟಿನ ಸ್ಟಿಕರ್ ಒಂದೇ ಸಲ ಕಿತ್ತಿಟ್ಟಿದ್ದರು! ಆಮೇಲೆ ಒಂದು ಮಿಷನ್ ಜೇಬಿನಲ್ಲೇ ಉಳಿದು ಬಟ್ಟೆ ಒಗೆಯಲು ಹೋಯಿತು. 69,000 ನೀರುಪಾಲು. ‘ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ’ ಅಂತ ನಾನು ಸಹಿ ಹಾಕಿದ್ದ ಫಾರಂ ತೋರಿಸಿದರು.

ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮೊದಲು ಗುಗ್ಗೆ ತೆಗೆದರು. ಕಿವಿಯ ಅಚ್ಚು ತೆಗೆದು ಕಿವಿಯೊಳಗೆ ಸರಿಯಾಗಿ ಕೂರುವ ಮೋಲ್ಡ್ ಮಾಡಿಕೊಟ್ಟರು. ಈಗ ಕಿವಿ ಹಿಂದೆ ಕೂರುವ ದೊಡ್ಡ ಮಿಷನ್, 675 ನಂಬರಿನ ದೊಡ್ಡ ಬ್ಯಾಟರಿ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ ಗುರುತು. ಬೆಲೆ ಮೊದಲಿನದರ ಕಾಲು ಭಾಗವೂ ಇಲ್ಲ.

ಧಾರವಾಡದ ಮಗಳು
ಕಿವಿ ಆಮೇಲೆ, ಮೊದಲು ಕಣ್ಣು. ನಮ್ಮವ್ವನಿಗೆ 86ನೇ ವಯಸ್ಸಿನಲ್ಲಿ ಪೊರೆ ತೆಗೆಸಿದೆ. ‘ಈ ವಯಸ್ಸಿಗೆ ಯಾಕೆ’ ಅಂತ ಅಣ್ಣನೂ ಅಂದ, ಆಶ್ರಮದ ಮ್ಯಾನೇಜರೂ ಅಂದರು. ಕಿವಿ ಮಂದವಾದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಕಣ್ಣು ಮಂಜಾದರೆ ಅದೂ ಹೋಯಿತು, ಅಲ್ವಾ? ಆಪರೇಷನ್, ಲೆನ್ಸ್ ಸೇರಿ 34,000. ರಕ್ತ ಪರೀಕ್ಷೆ, ಇಸಿಜಿ 2,150. ಕಣ್ಣಿಗೆ ಡ್ರಾಪ್ಸ್ ಹಾಕಲು ಅಂತ ಆಶ್ರಮದವರು ದಿನಕ್ಕೆ 200 ಬೇರೆ ಬರೆದರು. ಆ ಬಿಲ್ ಇನ್ನೂ ನನ್ನ ಹತ್ತಿರ ಇದೆ. ಕೆಲವು ತಿಂಗಳಿಗೆ ಮತ್ತೆ ಮಂಜು. ಲೆನ್ಸ್ ಹಿಂದಿನ ಪದರ ಮಸುಕಾಗಿತ್ತು, ಲೇಸರ್‌ಗೆ 3,500. ಆದರೂ ಅವ್ವ ಈಗ ನನ್ನ ಮುಖ ನೋಡಿ ‘ಸೊರಗಿದ್ದೀಯಲ್ಲ’ ಅಂತಾಳೆ. ಲಕ್ಷದ ಮಿಷನ್ ಹಾಕಿಸಿದವರಿಗೆ ಇದು ಸಿಕ್ಕಿದೆಯಾ?

ಮಂಡ್ಯದವನು
ಪೊರೆ ತೆಗೆದರೆ ಮ್ಯಾಕ್ಯುಲಾ ಸರಿಹೋಗುವುದಿಲ್ಲ. ಗ್ಲಾಕೋಮಾದಲ್ಲಿ ಹೋದ ದೃಷ್ಟಿಯೂ ವಾಪಸ್ ಬರುವುದಿಲ್ಲ. ನಿಮ್ಮ ಅವ್ವನಿಗೆ ಆಯಿತು ಅಂತ ಊರಿಗೆಲ್ಲ ಹೇಳಬೇಡಿ.

ಧಾರವಾಡದ ಮಗಳು
ಅವರ ಅತ್ತೆಗೆ ಪೊರೆಯೂ ಇದೆ ಅಂತ ಬರೆದಿದ್ದಾರೆ. ಓದಿ ಮಾತಾಡಿ.

ಆಶ್ರಮದಲ್ಲಿ ಕೆಲಸ ಮಾಡುವವಳು
ನಾನು ಆಯಾ. ನಮ್ಮ ವಾರ್ಡ್‌ನಲ್ಲಿ 22 ಜನ, ರಾತ್ರಿ ನಾನೊಬ್ಬಳೇ. ಸ್ಟಿಕರ್ ಕಿತ್ತ ಸಿಸ್ಟರ್‌ನ ಬೈದಿದ್ದೀರಿ. ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರಾ?

ಹಿಂದಿನಿಂದ ಹೋಗಿ ಮೈ ಮುಟ್ಟಬಾರದು, ಬೆಚ್ಚಿ ಹೊಡೆಯುತ್ತಾರೆ. ಆಗ ‘ಅಜ್ಜಿ ಜಗಳಗಂಟಿ’ ಅಂತ ಫೈಲಿನಲ್ಲಿ ಬರೆಯುತ್ತಾರೆ. ನಾನು ಮೊದಲು ಕೈ ಮೇಲೆ ಕೈ ಇಡುತ್ತೇನೆ, ನನ್ನ ಬಳೆ ಮುಟ್ಟಿಸುತ್ತೇನೆ. ಬಂದಿದ್ದು ನಾನು ಅಂತ ಗೊತ್ತಾಗುತ್ತದೆ. ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆಯುತ್ತೇನೆ. ಒತ್ತಕ್ಷರ ಬಂದರೆ ತಿಳಿಯುವುದಿಲ್ಲ, ಅದಕ್ಕೆ ‘ಅನ್ನ’ ಬೇಡ, ‘ಊಟ’ ಸಾಕು. ಕೂಗಬೇಡಿ. ಕೂಗಿದರೆ ಮಾತು ಒಡೆದು ಕೇಳುತ್ತದೆ. ಹಾಲ್‌ನಲ್ಲಿ ಟಿವಿ ಆರಿಸಿ.

ಮರೆವಿನ ಪರೀಕ್ಷೆ ಹೇಗೆ ಮಾಡುತ್ತಾರೆ ಗೊತ್ತಾ? ಪ್ರಶ್ನೆ ಬಾಯಲ್ಲಿ ಕೇಳುತ್ತಾರೆ, ಚಿತ್ರ ತೋರಿಸುತ್ತಾರೆ. ಕೇಳದವರು, ಕಾಣದವರು ಏನು ಉತ್ತರ ಹೇಳಬೇಕು? ಒಬ್ಬ ಅಜ್ಜಿಗೆ ರೂಮಿನಲ್ಲಿ ಮಕ್ಕಳು ಆಡುವುದು ಕಾಣುತ್ತಿತ್ತು. ತಲೆ ಕೆಟ್ಟಿದೆ ಅಂತ ಮನೆಯವರೇ ನಿದ್ದೆ ಮಾತ್ರೆ ಕೇಳಿದರು. ಕಣ್ಣಿನ ಡಾಕ್ಟರ್ ನೋಡಿ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂದರು. ದೃಷ್ಟಿ ಹೋದವರಿಗೆ ಇಲ್ಲದ್ದು ಕಾಣುವುದುಂಟು, ಅದು ಹುಚ್ಚಲ್ಲ.

ಸಾಗರದ ಸುಬ್ಬಿ
ಇಷ್ಟೆಲ್ಲ ಯಾಕೆ? ಮನೆಗೆ ಕರೆತನ್ನಿ. ನಾನು ಅತ್ತೆಯನ್ನು ಮನೆಯಲ್ಲೇ ನೋಡಿಕೊಂಡೆ. ಹಾಸಿಗೆಯಿಂದ ಬಚ್ಚಲಿಗೆ ಹಗ್ಗ ಕಟ್ಟಿದ್ದೆ, ಹಿಡಿದುಕೊಂಡು ತಾವೇ ಹೋಗುತ್ತಿದ್ದರು. ಹೊಸ ಜಾಗದಲ್ಲಿ ಅವರಿಗೆ ಗೋಡೆ ಯಾವುದು, ಬಾಗಿಲು ಯಾವುದು?

ಧಾರವಾಡದ ಮಗಳು
ಎಲ್ಲರ ಮನೆಯಲ್ಲೂ ಹಗಲು ಒಬ್ಬರು ಇರುತ್ತಾರಾ? ಬ್ಯಾಂಕ್ ಕೆಲಸ ಬಿಟ್ಟು ಕೂರಬೇಕಿತ್ತಾ ನಾನು? ಆಶ್ರಮಕ್ಕೆ ಸೇರಿಸಿದವರೆಲ್ಲ ಕೈಬಿಟ್ಟವರಲ್ಲ.

ಸಾಗರದ ಸುಬ್ಬಿ
ನಾನು ನಿಮ್ಮ ಹೆಸರು ಹೇಳಲಿಲ್ಲ.

ಹಾಸನದ ನಿವೃತ್ತ ಮೇಷ್ಟ್ರು
ಜಗಳ ಬಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಿವುಡು-ಕುರುಡು ಎರಡೂ ಇರುವುದನ್ನು ಹೆಸರಿಸಿದ್ದಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. 2017ರಲ್ಲಿ ಬಂದ ವಯೋಶ್ರೀ ಯೋಜನೆಯ ಶಿಬಿರದಲ್ಲಿ 60 ದಾಟಿದ ಬಡವರಿಗೆ ಮಿಷನ್, ಕನ್ನಡಕ ಉಚಿತ. ನನ್ನ ತಮ್ಮನಿಗೆ ಸಿಕ್ಕಿದೆ.

ಮಂಡ್ಯದವನು
ಅದು ಬಿಪಿಎಲ್‌ನವರಿಗೆ, ಕಡಿಮೆ ಆದಾಯದವರಿಗೆ ಸರ್. ತಿಂಗಳಿಗೆ 26,000 ಆಶ್ರಮಕ್ಕೆ ಕಟ್ಟುವವರಿಗೆ ಯಾರು ಕೊಡುತ್ತಾರೆ?

ಹಾಸನದ ನಿವೃತ್ತ ಮೇಷ್ಟ್ರು
ಕಟ್ಟುವುದು ನೀವು. ನಿಮ್ಮಪ್ಪನ ಆದಾಯ ಎಷ್ಟು? ಕೇಳಿ ನೋಡದೆ ಇಲ್ಲ ಅನ್ನಬೇಡಿ.

ಮಂಡ್ಯದವನು
ಅಪ್ಪನಿಗೆ ಪೆನ್ಷನ್ ಬರುತ್ತದೆ ಸರ್. ಕೇಳಿಯೇ ಹೇಳಿದ್ದು.