ಪದಚರ್ಚೆ: ಬಂಡೆಯ ಮರೆಯಲ್ಲಿ ಹಿಂದಕ್ಕೆ ಹರಿಯುವ ನೀರಿಗೆ ಹೆಸರೇನು?

ಮಾನ್ಯರೇ,

ಅಮೆರಿಕದ ಅರಿಜೋನಾದಲ್ಲಿ ಕೊಲರಾಡೊ ನದಿ ಕೊರೆದಿರುವ ಗ್ರ್ಯಾಂಡ್ ಕ್ಯಾನಿಯನ್‌ನ ಮೂಲಕ, ಗೈಡುಗಳ ಜೊತೆಯಲ್ಲಿ ಹಲವು ದಿನ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ನಡೆಸುವ ಪ್ರವಾಸದ ಬಗ್ಗೆ ಚಿತ್ರದುರ್ಗದ ಚಾರಣಾಸಕ್ತರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ, ಬಂಡೆಯ ಮರೆಯಲ್ಲಿ ಹಿಂದಕ್ಕೆ ಹರಿಯುವ ನೀರನ್ನು ಹೇಳುವ ‘ಎಡ್ಡಿ’ ಎಂಬ ಇಂಗ್ಲಿಷ್ ಪದಕ್ಕೆ ಒಪ್ಪುವ ಕನ್ನಡ ಪದ ಸಿಗುತ್ತಿಲ್ಲ.

ಕಯಾಕಿಗೆ ಕಯಾಕ್ ಎಂದೇ ಬರೆದಿದ್ದೇನೆ. ಕ್ಯಾನಿಯನ್‌ಗೆ ‘ಕಣಿವೆ’ ಎನ್ನಲು ಮನಸ್ಸಾಗಲಿಲ್ಲ. ವಾಣಿವಿಲಾಸ ಸಾಗರದ ಅಣೆಕಟ್ಟೆಯಿರುವ ಮಾರಿಕಣಿವೆಯ ಹೆಸರು ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಕಣಿವೆ ಎಂದರೆ ಎರಡು ಗುಡ್ಡಗಳ ನಡುವಿನ ಸಂದು, ಅಡ್ಡಕಟ್ಟೆ ಹಾಕಿ ವೇದಾವತಿ ನದಿಯನ್ನು ನಿಲ್ಲಿಸಬಹುದಾದಷ್ಟು ಕಿರಿದಾದ ಜಾಗ. 446 ಕಿಲೋಮೀಟರ್ ಉದ್ದಕ್ಕೆ, ಕೆಲವೆಡೆ 1,600 ಮೀಟರಿಗೂ ಹೆಚ್ಚು ಆಳಕ್ಕೆ ನದಿಯೇ ಕೊರೆದ ಕಡಿದಾದ ತಗ್ಗಿಗೆ ‘ಕಮರಿ’ ಸಾಕೆನಿಸಿತು.

ಎಡ್ಡಿಯ ವಿಷಯ ಅಷ್ಟು ಸುಲಭವಲ್ಲ. ರಭಸದಿಂದ ಹರಿಯುವ ನೀರಿಗೆ ಬಂಡೆಯೋ ದಡದ ಚಾಚೋ ಅಡ್ಡ ಬಂದಾಗ ಅದರ ಕೆಳಮಗ್ಗುಲಲ್ಲಿ ನೀರಿನ ಮಟ್ಟ ತಗ್ಗುತ್ತದೆ. ಆ ತಗ್ಗನ್ನು ತುಂಬಲು ಕೆಳಗಿನ ನೀರು ಹೊಳೆಯ ದಿಕ್ಕಿಗೆ ಎದುರಾಗಿ ಮೆಲ್ಲಗೆ ಮೇಲಕ್ಕೆ ಬರುತ್ತದೆ. ಕಯಾಕಿನವರು ದಣಿವಾರಿಸಿಕೊಳ್ಳುವುದು, ಹಿಂದಿನವರಿಗಾಗಿ ಕಾಯುವುದು, ಮುಂದಿನ ರಭಸವನ್ನು ನೋಡಿ ದಾರಿ ಗೊತ್ತುಮಾಡಿಕೊಳ್ಳುವುದು ಇಂಥಲ್ಲಿಯೇ. ಅಷ್ಟೇ ಅಲ್ಲ, ಪಕ್ಕದ ಕಮರಿಗಳ ಪ್ರವಾಹ ತಂದು ಸುರಿದ ಬಂಡೆರಾಶಿಯ ಕೆಳಗೆ ಈ ಹಿಂಹರಿವು ಮರಳನ್ನು ಕೂಡಿಸುತ್ತದೆ, ಪ್ರವಾಸಿಗರು ರಾತ್ರಿ ತಂಗುವುದು ಹೆಚ್ಚಾಗಿ ಆ ಮರಳ ದಿಬ್ಬಗಳ ಮೇಲೆ. 1963ರಲ್ಲಿ ಮೇಲ್ಭಾಗದ ಗ್ಲೆನ್ ಕ್ಯಾನಿಯನ್ ಅಣೆಕಟ್ಟೆ ನೀರು ತಡೆಯತೊಡಗಿದ ಮೇಲೆ ಮರಳು ಬರುವುದು ಕಡಿಮೆಯಾಗಿ ದಿಬ್ಬಗಳು ಸವೆದವು. ಅವನ್ನು ಮತ್ತೆ ಕಟ್ಟಲೆಂದು 1996ರಿಂದೀಚೆಗೆ ಆಗಾಗ ಹೆಚ್ಚು ನೀರು ಬಿಡುತ್ತಾರೆ. ಹೀಗೆ ಕೈಪಿಡಿಯ ಪುಟಪುಟದಲ್ಲೂ ಈ ಪದ ಬೇಕಾಗುತ್ತದೆ.

‘ಸುಳಿ’ ಎಂದು ಬರೆಯಬಹುದಿತ್ತು. ಆದರೆ ಸುಳಿಗೆ ಸಿಕ್ಕವರು ಮುಳುಗುತ್ತಾರೆಂಬುದು ನಮ್ಮ ಭಾಷೆಯಲ್ಲಿ ಬೇರೂರಿದ ಅರ್ಥ. ‘ಎಲ್ಲರೂ ಸುಳಿಯೊಳಗೆ ಬನ್ನಿ’ ಎಂದು ಗೈಡ್ ಕೂಗಿದರೆ ಓದುಗರು ಪ್ರವಾಸವನ್ನೇ ಕೈಬಿಟ್ಟಾರು. ‘ಮಡು’ ಆಳವನ್ನು ಹೇಳುತ್ತದೆಯೇ ಹೊರತು ಹರಿವಿನ ದಿಕ್ಕನ್ನಲ್ಲ. ‘ಹಿನ್ನೀರು’ ಜಲಾಶಯಕ್ಕೆ ಮೀಸಲಾಗಿಬಿಟ್ಟಿದೆ. ‘ಮರುಹರಿವು’ ಎಂದು ನಾನೇ ಕಟ್ಟಿಕೊಂಡ ಪದ ಅರ್ಥಕ್ಕೆ ಸರಿಹೊಂದಿದರೂ ಹೊಳೆಯಲ್ಲಿ ಹುಟ್ಟಿದ್ದೆನಿಸುವುದಿಲ್ಲ, ಸರ್ಕಾರಿ ಸುತ್ತೋಲೆಯಿಂದ ಎದ್ದುಬಂದಂತಿದೆ.

ಹರಿಹರ, ಹೊನ್ನಾಳಿ ಕಡೆಯ ತುಂಗಭದ್ರೆಯ ದಡದಲ್ಲಿ ಬೆಳೆದವರು, ಮುಖ್ಯವಾಗಿ ಹರಿಗೋಲು ಹಾಕಿದ ಅಥವಾ ಬಲೆ ಬೀಸಿದ ಮನೆತನದವರು, ಬಂಡೆಯ ಮರೆಯ ಈ ನೀರಿಗೆ ಮಾತಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಬೇಕು. ಇದರ ಜೊತೆಗೇ ಇನ್ನೊಂದು ಪ್ರಶ್ನೆಯಿದೆ. ಕೆಳಕ್ಕೆ ಓಡುವ ಸೆಳವೂ ಮೇಲಕ್ಕೆ ಬರುವ ನೀರೂ ಉಜ್ಜಿಕೊಳ್ಳುವ ಗೆರೆಯನ್ನು ದಾಟುವಾಗ, ತಿರುಗುವ ಕಡೆಗೆ ಮೈ ವಾಲಿಸದಿದ್ದರೆ ಕಯಾಕ್ ಮಗುಚುತ್ತದೆ; ಆ ಗೆರೆಗೆ ಬೇರೆ ಹೆಸರಿದೆಯೇ, ಅಥವಾ ಒಂದೇ ಪದ ಎರಡಕ್ಕೂ ನಡೆಯುತ್ತದೆಯೇ? ಪದವನ್ನಷ್ಟೇ ಬರೆಯದೆ, ಆಡುವ ಒಂದು ವಾಕ್ಯವನ್ನೂ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿದರೆ ಉಪಕಾರವಾಗುತ್ತದೆ.